ಆಫ್ ಮಾಡಬಾರದ ಕಾರು

ಕಾರಿನ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಯಿ ಬಿಡುವಂತಿಲ್ಲ! ಇಪ್ಪತ್ತು ವರ್ಷದ ಕಾರು ಪತ್ರಿಕೆಗಳು ನಮ್ಮ ಮನೆಯ ಅಟ್ಟದಲ್ಲಿವೆ. ಓಡಿಸುವುದು ಮಾತ್ರ ಹದಿನಾಲ್ಕು ವರ್ಷದ ಹಳೇ ಡಬ್ಬಾ. ಆದ್ದರಿಂದ ರಜೆಗೆಂದು ವಿದೇಶಕ್ಕೆ ಹೋದಾಗ ಅಲ್ಲಿರುವ ಷಡ್ಡಕರು, ಅಂದರೆ ನನ್ನವಳ ಅಕ್ಕನ ಗಂಡ, ತಮ್ಮ ಹೊಚ್ಚ ಹೊಸ ಕಾರನ್ನು ಒಂದು ದಿನಕ್ಕೆ ಕೊಡುತ್ತೇನೆಂದಾಗ, “ಅಂತೂ ಈ ರಥಕ್ಕೆ ತಕ್ಕ ಸಾರಥಿ ಸಿಕ್ಕ!” ಎಂದು ಘೋಷಿಸಿದೆ. ಹಿಂದಿನ ದಿನ ಊಟದ ಮೇಜಿನಲ್ಲಿ ಅವರ ಕಾರಿನ ಬಗ್ಗೆ ಅವರಿಗೇ ಎರಡು ಗಂಟೆ ಪಾಠ ಮಾಡಿದ್ದೆ. ಅವರು ಆಕಳಿಸಿದ್ದನ್ನು ಬೆರಗು ಅಂದುಕೊಂಡೆ.

ಬೆಳಿಗ್ಗೆ ಗೇಟಿನ ಹತ್ತಿರ ಕಾರು ಸ್ಟಾರ್ಟ್ ಆಗಿಯೇ ನಿಂತಿತ್ತು. “ಸಂಜೆಯೊಳಗೆ ಬಂದ್ಬಿಡಿ. ನಾಳೆ ಬೆಳಿಗ್ಗೆ ಆಫೀಸಿಗೆ ನಂಗೆ ಕಾರು ಬೇಕೇ ಬೇಕು,” ಎಂದರು ಷಡ್ಡಕರು. ನಾನು, ಹೆಂಡತಿ, ಎಂಟು ವರ್ಷದ ಮಗಳು ನೂರೈವತ್ತು ಕಿಲೋಮೀಟರ್ ದೂರದ ಸರೋವರ ನೋಡಲು ಹೊರಟೆವು.

ದಾರಿಯಲ್ಲಿ ಮಗಳಿಗೆ ಶೌಚಕ್ಕೆ ಅವಸರವಾಯಿತು. ನನ್ನವಳು ತನ್ನ ದೊಡ್ಡ ಬ್ಯಾಗನ್ನು ಹೆಗಲಿಗೇರಿಸಿ ಅವಳನ್ನು ಕರೆದುಕೊಂಡು ಹೋದಳು. ನಾನು ಎಂಜಿನ್ನಿನ ಇಂಪು ಸವಿಯುತ್ತಾ ಕೂತೆ. ಆಗ ‘ಬೀಪ್ ಬೀಪ್ ಬೀಪ್!’ ಎದುರಿನ ಪರದೆಯ ಮೇಲೆ ಒಂದು ಕೀಲಿಯ ಚಿತ್ರ, ಅದಕ್ಕೊಂದು ಕೆಂಪು ಗೀಟು!

ಜೇಬು ತಡಕಿದೆ. ಬಾಚಣಿಗೆ ಇತ್ತು, ಕೀ ಇರಲಿಲ್ಲ. ಇದು ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಜಾತಿ. ಕೀ ಹತ್ತಿರದಲ್ಲಿ ಇರಬೇಕು, ಅಷ್ಟೇ. ಅದು ಷಡ್ಡಕರ ಜೇಬಿನಲ್ಲೇ ಉಳಿದಿದೆ! ಒಮ್ಮೆ ಆಫ್ ಮಾಡಿದೆನೋ, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಪತ್ರಿಕೆಯಲ್ಲಿ ಓದಿದ್ದೆನಲ್ಲ!

ಫೋನ್ ಮಾಡಿ ಕೇಳೋಣವೆಂದರೆ, ಆ ಎರಡು ಗಂಟೆಯ ಪಾಠ ಅಡ್ಡ ಬಂತು. ಇವಳಿಗೆ ಹೇಳೋಣವೇ? ಊಹೂಂ! ಅಷ್ಟರಲ್ಲಿ ಇಬ್ಬರೂ ಬಂದು ಕೂತರು, ಪರದೆಯ ಚಿತ್ರ ಮಾಯ. ಕಾರಿಗೆ ನನ್ನ ಮೇಲೆ ಕರುಣೆ ಬಂತು ಅಂದುಕೊಂಡೆ.

ಸರೋವರ ಬಂತು. “ಇಳೀರಿ,” ಎಂದಳು ಇವಳು.

“ನೀವು ಹೋಗಿ. ಹೊಸ ಎಂಜಿನ್ನು, ಬಿಸಿ ಆರಬಾರದು.”

“ಅದೇನು ಬಾಣಂತೀನಾ, ಬೆಚ್ಚಗಿಡೋಕೆ?”

“ನಿಂಗೆ ಗೊತ್ತಾಗಲ್ಲ ಬಿಡೇ, ಇದು ತಾಂತ್ರಿಕ ವಿಷಯ!”

ಅವರು ಹೋದ ಮೇಲೆ ಮತ್ತೆ ಬೀಪ್. ಮೂರು ಗಂಟೆ ಸ್ಟೇರಿಂಗ್ ಹಿಡಿದು ಕೂತೆ. ಅವರು ದೋಣಿಯಿಂದ ಕೈಬೀಸಿದರು, ನಾನು ಗಾಜಿನ ಒಳಗಿಂದ ಬೀಸಿದೆ. ಊಟ ಕಿಟಕಿಯಿಂದ ಬಂತು. ಬೆಳಗಿನ ಎರಡು ಲೋಟ ಕಾಫಿ ಹೊರಗೆ ದಾರಿ ಕೇಳುತ್ತಿತ್ತು. ಆದರೆ ನಾನು ಇಳಿದಾಗ ಬಾಗಿಲು ತಾನೇ ಲಾಕ್ ಆಗಿಬಿಟ್ಟರೆ? ಕಾಲ ಮೇಲೆ ಕಾಲು ಹಾಕಿ ಬಿಗಿಹಿಡಿದು ಕೂತೆ.

ವಾಪಸ್ ಬರುವಾಗ ಪೆಟ್ರೋಲಿನ ಕೆಂಪು ದೀಪ ಹತ್ತಿತು. ನಿಂತೇ ಓಡಿದ ಎಂಜಿನ್ನು ಟ್ಯಾಂಕಿನ ತಳ ಕಾಣಿಸಿತ್ತು! ಬಂಕಿಗೆ ತಿರುಗಿಸದೆ ಗತಿಯಿರಲಿಲ್ಲ. ಬಂಕಿನವನು ಬಂದು ಬಾನೆಟ್ ತೋರಿಸಿ, ಕತ್ತಿನ ಮೇಲೆ ಬೆರಳು ಎಳೆದ. ಎಂಜಿನ್ ಆಫ್ ಮಾಡು ಅಂತ. ನಾನು ಕೈಮುಗಿದೆ. ಅವನು ಮತ್ತೆ ಎಳೆದ, ಈ ಸಲ ಎಂಜಿನ್ನಿಗೋ ನನಗೋ ತಿಳಿಯಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

“ಆಫ್ ಮಾಡ್ರೀ, ಏನಾಗಿದೆ ನಿಮಗೆ?” ಎಂದಳು ಇವಳು.

“ಮಾಡಿದ್ರೆ ಮುಗೀತು ಕಣೇ! ಕೀ ನಿಮ್ಮ ಭಾವನ ಜೇಬಲ್ಲಿದೆ! ನಾವು ಇಲ್ಲೇ ಬಿದ್ದಿರಬೇಕು, ನಾಳೆ ಅವರು ಆಫೀಸಿಗೆ ನಡ್ಕೊಂಡು ಹೋಗ್ಬೇಕು!” ಎಂದು ಬಹುತೇಕ ಅತ್ತೇಬಿಟ್ಟೆ.

ಇವಳು ಬ್ಯಾಗಿಗೆ ಕೈಹಾಕಿ ಬಿಸ್ಕತ್ತಿನ ಪೊಟ್ಟಣ ಸರಿಸಿ, ಕೀ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಬ್ಯಾಗು ಇಳಿದಾಗ ಬೀಪ್, ಹತ್ತಿದಾಗ ಮೌನ! ಈಗ ಅರ್ಥವಾಯಿತು.

“ಇದು... ನಿನ್ನ ಹತ್ರ?”

“ಬೆಳಿಗ್ಗೆ ಭಾವ ಕೊಟ್ರು. ‘ಕಾರಿನ ಬಗ್ಗೆ ಅಷ್ಟೆಲ್ಲ ತಿಳ್ಕೊಂಡೋರು, ಹತ್ತಿದ ತಕ್ಷಣ ಕೀ ಎಲ್ಲಿ ಅಂತ ಕೇಳೇ ಕೇಳ್ತಾರೆ. ಕೇಳಿದಾಗ ಕೊಡಮ್ಮ,’ ಅಂದ್ರು.” ಕೀಯನ್ನು ಮತ್ತೆ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. “ಬೆಳಿಗ್ಗೆಯಿಂದ ಕಾಯ್ತಿದೀನಿ. ನೀವು ಕೇಳಲೇ ಇಲ್ಲ!”