ಇದ್ದಿಲ ಬಸ್ಸಿನ ಬೀಗರು

ಯುದ್ಧ ಶುರುವಾಗಿ, ಪೆಟ್ರೋಲು ಕಾಣೆಯಾಗಿ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ ಮೇಲೆ ನಮ್ಮ ಕಡೆ ಯಾವ ಶುಭಕಾರ್ಯವೂ ತಳ್ಳದೆ ಮುಂದಕ್ಕೆ ಹೋಗಿಲ್ಲ. ತಳ್ಳೋರು ಯಾರು, ಕೂರೋರು ಯಾರು ಅನ್ನೋದೇ ಪ್ರತಿಸಲದ ಜಗಳ. ನಮ್ಮಕ್ಕನ ಮದುವೆಯಲ್ಲಿ ತಳ್ಳಿದವನು ನಾನು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಮಿಡ್ಲ್ ಸ್ಕೂಲಿನವರು ನನ್ನನ್ನ ಅರ್ಧಕ್ಕೇ ಸಾಕು ಅಂತ ಕಳಿಸಿದರು, ಕಾಗುಣಿತ ತಪ್ಪಿದ್ದರೆ ಅವರನ್ನೇ ಬೈಕೊಳ್ಳಿ.

೧. ದಿಕ್ಕು ಸರಿಯಿಲ್ಲ

ಗಂಡು ಮಾಲೂರಿನವನು, ಮದುವೆ ಮುಳಬಾಗಿಲಲ್ಲಿ ನಮ್ಮ ಮನೆ ಮುಂದಿನ ಚಪ್ಪರದಲ್ಲಿ. ಬೀಗರನ್ನ ಕರೆತರೋಕೆ ಹೆಣ್ಣಿನ ಕಡೆಯಿಂದ ಒಬ್ಬ ಹೋಗಬೇಕು. ಮನೆಯಲ್ಲಿ ಯಾವ ಕೆಲಸಕ್ಕೂ ಬಾರದವನು ನಾನೇ ಅಂತ ನನ್ನನ್ನ ಕಳಿಸಿದರು.

ಹಿಂದಿನ ಸಂಜೆಯೇ ಹೊರಡಬೇಕಿತ್ತು. ಗಂಡಿನ ಸೋದರಮಾವ ತಡೆದ. "ಇವತ್ತು ದಿಕ್ಕು ಸರಿಯಿಲ್ಲ. ನಾಳೆ ಬೆಳಗ್ಗೆ ಹೊರಟರಾಯ್ತು, ಮುಹೂರ್ತ ಮಧ್ಯಾಹ್ನ ತಾನೆ?"

ದಿಕ್ಕಿಗೇನೂ ಆಗಿರಲಿಲ್ಲ. ಈ ಮಾವನಿಗೆ ಮದುವೆ ವಯಸ್ಸಿಗೆ ಬಂದ ಮಗಳೊಬ್ಬಳಿದ್ದಳು. ತನ್ನಕ್ಕನ ಮಗನಾದ ಈ ಗಂಡನ್ನ ಅವಳಿಗೇ ತಂದುಕೊಳ್ಳೋ ಆಸೆ. ನಮ್ಮ ಮುಹೂರ್ತ ಮೀರಿದರೆ ಅಪಶಕುನ ಅಂತ ಗಂಡನ್ನ ವಾಪಸ್ಸು ಕರಕೊಂಡು ಹೋಗಬಹುದು. ಮಾಲೂರಿನ ಅಡುಗೆಯವರೇ ಇದನ್ನ ನನ್ನ ಕಿವೀಲಿ ಹೇಳಿದರು.

ಬೆಳಗ್ಗೆ ಒಲೆ ಹತ್ತಬೇಕಾದರೆ ಬಸ್ಸಿನ ಹಿಂದಿನ ಗಾಳಿಚಕ್ರ ತಿರುಗಿಸಬೇಕು. ಡ್ರೈವರ್ ಸಾಬರು ಹಿಡಿ ಯಾರ ಕೈಗೆ ಕೊಡೋಣ ಅಂತ ಸುತ್ತ ನೋಡಿದರು. ಮಾವ ಮುಂದಿನ ಸೀಟಿನಿಂದ ಕೂಗಿದ, "ಹೆಣ್ಣಿನ ಕಡೆಯೋನು ಇದಾನಲ್ಲ, ಅವನಿಗೆ ಕೊಡ್ರಿ."

ತಿರುಗಿಸಿದೆ. ರಟ್ಟೆ ಬಿದ್ದುಹೋಗೋ ತನಕ ತಿರುಗಿಸಿದೆ. ಮಾವ ಕಿಟಕಿಯಿಂದ ತಲೆ ಹಾಕಿ, "ಏನೋ ಇದು ಇಷ್ಟು ಹೊಗೆ?" ಅಂದ.

"ಅರ್ಧ ಒಲೆಯದು, ಅರ್ಧ ನನ್ನ ಹೊಟ್ಟೆಯದು" ಅಂದೆ.

೨. ಕಾಲಿಲ್ಲದವರ ದಿಬ್ಬಣ

ಕೋಲಾರ ದಾಟಿ, ಮುಳಬಾಗಿಲು ಇನ್ನೆರಡು ಮೈಲಿ ಅನ್ನುವಾಗ ಏರು ಸಿಕ್ಕಿದ್ದೇ ತಡ, ಬಸ್ಸು ಕೆಮ್ಮಿ ನಿಂತಿತು. "ಎಲ್ಲರೂ ಇಳೀರಿ, ತಳ್ಳಬೇಕು" ಅಂದರು ಸಾಬರು.

ಯಾರೂ ಅಲುಗಲಿಲ್ಲ. ಮಾವ ನನ್ನ ಕಡೆ ತಿರುಗಿದ. "ಬೀಗರ ಕೈಲಿ ಬಸ್ಸು ತಳ್ಳಿಸ್ತೀರೇನೋ ನಿಮ್ಮೂರಲ್ಲಿ? ತಳ್ಳೋದು ಹೆಣ್ಣಿನ ಕಡೆಯೋರ ಕೆಲಸ."

ಹೆಣ್ಣಿನ ಕಡೆಯೋರು ಅಂದರೆ ಅಲ್ಲಿ ನಾನೊಬ್ಬ. ಒಬ್ಬನೇ ಹೆಗಲು ಕೊಟ್ಟೆ. ಬಸ್ಸು ಅಲ್ಲಾಡಲಿಲ್ಲ, ನನ್ನ ಬೆನ್ನು ಲಟಕ್ ಅಂತು. ಅಳು ಬರೋಷ್ಟು ಸಿಟ್ಟು. ಮನೆಯಲ್ಲಿ ಅಕ್ಕ ಗೌರಿಪೂಜೆಗೆ ಕೂತಿರ್ತಾಳೆ, ಇಲ್ಲಿ ಇವರು ಸಾಲಾಗಿ ಕೂತು ಕೋಡುಬಳೆ ಕಡೀತಿದ್ದಾರೆ.

ಪಕ್ಕದ ಕೆರೆಯಲ್ಲಿ ಜನ ಹೂಳು ತೆಗೆದು ಗಾಡಿಗೆ ತುಂಬ್ತಿದ್ದರು. ಓಡಿಹೋಗಿ ಕೈಮುಗಿದೆ. ಗುದ್ದಲಿ ಅಲ್ಲೇ ಬಿಟ್ಟು ಅಷ್ಟೂ ಜನ ಬಂದರು. ಅವರಲ್ಲೊಬ್ಬಳು ತೆಲುಗಿನ ಮುದುಕಿ. ಕಿಟಕಿಯಲ್ಲಿ ಇಣುಕಿ, ಕೂತವರನ್ನೆಲ್ಲ ನೋಡಿ ನನ್ನ ಕಡೆ ತಿರುಗಿದಳು. "ಅಯ್ಯೋ ಪಾಪಂ. ಇಷ್ಟು ಜನದಾಗ ಒಬ್ಬರಿಗೂ ಕಾಲಿಲ್ಲವಾ ನಾಯನಾ?"

"ಕಾಲಿದೆ ಅವ್ವಾ, ವಾತ. ಇಡೀ ವಂಶಕ್ಕೇ ಬಂದಿದೆ" ಅಂದೆ.

ಎರಡು ಸಲ ತಳ್ಳಿದ್ದಕ್ಕೆ ಬಸ್ಸು ಅರ್ಧ ಏರು ಹತ್ತಿ ಮತ್ತೆ ಸತ್ತಿತು. ಮುದುಕಿ ಉಸಿರು ಬಿಡ್ತಾ ಮುಂದಕ್ಕೆ ಹೋಗಿ, ಮಾವನ ಮೊಣಕಾಲನ್ನ ಕಿಟಕಿಯಿಂದಲೇ ನೀವತೊಡಗಿದಳು. "ಎಕ್ಕದ ಎಲೆ ಬಿಸಿ ಮಾಡಿ ಕಟ್ಟು ಸಾಮೀ. ನಮ್ಮ ಎತ್ತಿಗೂ ಹಿಂಗೇ ಆಗಿತ್ತು, ಈಗ ಓಡಾಡ್ತದೆ."

೩. ಗಂಡು ಪಂಚೆ ಕಟ್ಟಿದ್ದು

ಮಾವ ಗಡಿಯಾರ ತೆಗೆದು ನೋಡಿದ. ಮುಖದಲ್ಲಿ ಹಬ್ಬ. "ಇನ್ನು ಮುಹೂರ್ತ ಸಿಕ್ಕಹಾಗೇ ಇದೆ. ದೈವಕ್ಕೇ ಇಷ್ಟವಿಲ್ಲ ಅನ್ಸುತ್ತೆ."

ನನಗೆ ತಡೆಯಲಿಲ್ಲ. "ದೈವ ಕೆಳಗಿಳಿದು ತಳ್ತಿದೆ, ನೀವೇ ಮೇಲೆ ಕೂತಿರೋದು" ಅಂದುಬಿಟ್ಟೆ.

ಹೊಡೆಯೋಕೆ ಕೈ ಎತ್ತಿದ. ಅಷ್ಟರಲ್ಲಿ ಬೆಳಗ್ಗಿಂದ ತುಟಿ ಬಿಚ್ಚದಿದ್ದ ಗಂಡು ಎದ್ದ, ರೇಷ್ಮೆ ಪಂಚೆ ಎತ್ತಿಕಟ್ಟಿ ಇಳಿದ.

"ಬಾಸಿಂಗ ಕಟ್ಟೋ ಹಣೆಗೆ ಮಸಿ ಬಳ್ಕೊಳ್ತೀಯೇನೋ?" ಮಾವ ಕಿರುಚಿದ.

"ಬಸ್ಸು ಇಲ್ಲೇ ನಿಂತರೆ ಬಾಸಿಂಗ ಯಾರಿಗೆ ಕಟ್ತೀರಿ ಮಾವ?" ಅಂದು ನನ್ನ ಪಕ್ಕದಲ್ಲಿ, ಕಾದ ಇದ್ದಿಲೊಲೆಯ ಡ್ರಮ್ಮಿನ ಬಗಲಿಗೇ ಹೆಗಲು ಕೊಟ್ಟ. ಅವನ ತಾಯಿ, "ಮಗ ತಳ್ಳುವಾಗ ನಾನು ಕೂರಲೇ?" ಅಂತ ಸೆರಗು ಸಿಕ್ಕಿಸಿ ಇಳಿದರು. ಆಮೇಲೆ ಒಬ್ಬೊಬ್ಬರೇ ಎಲ್ಲರೂ. ಮಾವ ಮಾತ್ರ ಕೂತೇ ಇದ್ದ.

ಕೆರೆಯವರು, ಬೀಗರು, ಬೀಗಿತ್ತಿಯರು ಸೇರಿ ಒಂದೇ ಉಸಿರಿಗೆ ತಳ್ಳಿದರೆ ಬಸ್ಸು ಧಡಕ್ಕನೆ ಹೊತ್ತಿಕೊಂಡು ಓಡಿತು. ಓಡ್ತಾನೇ ಇತ್ತು. ನಾವು ಹಿಂದೆ ಅಟ್ಟಿಸಿಕೊಂಡು ಹೋದೆವು. ಸಾಬರು ಕತ್ತು ಹೊರಗೆ ಹಾಕಿ, "ನಿಲ್ಲಿಸಿದರೆ ಮತ್ತೆ ಹತ್ತಲ್ಲ, ನೀವೇ ಹೆಂಗಾದರೂ ಬನ್ನಿ" ಅಂತ ಕೂಗಿ ಮರೆಯಾದರು.

ರಸ್ತೆಯಲ್ಲಿ ಇಡೀ ದಿಬ್ಬಣ. ಮುದುಕಿ ನಮ್ಮ ಕಾಲುಗಳನ್ನೆಲ್ಲ ನೋಡಿ, "ವಾತ ಬಿಡ್ತು" ಅಂತ ಸಮಾಧಾನಪಟ್ಟಳು.

೪. ಕಾಶಿಯಾತ್ರೆ

ಕೆರೆಯವರು ಹೂಳು ಕೆಳಗೆ ಸುರಿದು, ಆ ಗಾಡಿಗಳಲ್ಲೇ ನಮ್ಮನ್ನ ಹತ್ತಿಸಿ ಎತ್ತು ಓಡಿಸಿದರು. ದಾರಿಯಲ್ಲಿ ನಮ್ಮನ್ನ ಹುಡುಕಿಕೊಂಡು ಸೈಕಲ್ಲಲ್ಲಿ ಬರ್ತಿದ್ದ ಅಪ್ಪ ಸಿಕ್ಕರು. ಮಸಿ ಮೇಲೆ ಕೆಸರು ಹತ್ತಿದ ಅಳಿಯನ ಗುರುತು ಅವರಿಗೆ ಮೂರನೇ ಸಲ ನೋಡಿದ ಮೇಲೆ ಸಿಕ್ಕಿತು.

ಅತ್ತ ಚಪ್ಪರದಲ್ಲಿ ನಡೆದದ್ದೇ ಬೇರೆ. ಅಪ್ಪ ಇಲ್ಲ, ಅಮ್ಮ ಒಳಗೆ ಅಕ್ಕನ ಜೊತೆ. ಹೊರಗಿದ್ದ ಯಾರೂ ಗಂಡನ್ನ ನೋಡಿದವರಲ್ಲ. ಗಂಡಿನ ಬಸ್ಸು ಬಂತು, ಅದರಿಂದ ಜರಿಪಂಚೆಯ ಒಬ್ಬನೇ ಒಬ್ಬ ಇಳಿದ. ವಯಸ್ಸಾದ ಗಂಡು ನಮ್ಮ ಕಡೆ ಹೊಸದೇನಲ್ಲ, ವಾಲಗ ಶುರುವಾಯ್ತು. ಕಣ್ಣು ಮಂಜಾದ ನಮ್ಮಜ್ಜಿ ಆರತಿ ಎತ್ತಿ ಕಾಲು ತೊಳೆದುಬಿಟ್ಟಳು.

"ನಾನಲ್ಲಮ್ಮ, ನಾನಲ್ಲ. ನನಗೆ ಈ ಮದುವೆ ಬೇಡ" ಅಂತ ಮಾವ ತನ್ನ ಕೊಡೆ ಎತ್ತಿಕೊಂಡು ಬೀದಿಗೆ ಓಡಿದ.

ಮದುವೆ ಬೇಡ ಅಂತ ಗಂಡು ಕೊಡೆ ಹಿಡಿದು ಹೊರಟರೆ ನಮ್ಮಲ್ಲಿ ಅದು ಕಾಶಿಯಾತ್ರೆಯ ಶಾಸ್ತ್ರ. ಹೆಣ್ಣಿನ ಕಡೆಯವರು ಹಿಂದೆ ಹೋಗಿ, ಒಪ್ಪಿಸಿ, ಕರೆತರಲೇಬೇಕು. ನಮ್ಮ ದೊಡ್ಡಪ್ಪಂದಿರು ಹೋದರು, ಒಪ್ಪಿಸಿದರು. ಒಪ್ಪದಿದ್ದಾಗ ರಟ್ಟೆ ಹಿಡಿದು ಎತ್ತಿ ತಂದು ಹಸೆಮಣೆ ಮೇಲೆ ಕೂರಿಸಿದರು. ಅವನು ಕಿರುಚಿದಷ್ಟೂ ಪುರೋಹಿತರು, "ಭಲೇ, ಈ ಕಾಲದ ಹುಡುಗರು ಇಷ್ಟು ಶ್ರದ್ಧೆಯಿಂದ ಯಾರು ಮಾಡ್ತಾರೆ?" ಅಂತ ತಲೆದೂಗ್ತಿದ್ದರು.

ಗಾಡಿಗಳು ಚಪ್ಪರದ ಮುಂದೆ ನಿಂತಾಗ ಮಾವನ ಹಣೆಗೆ ಬಾಸಿಂಗ ಬಿಗೀತಿದ್ದರು. ಗಂಡನ್ನ ಕಂಡದ್ದೇ ಮಾವ ಕೈ ಚಾಚಿ ಗೋಳಿಟ್ಟ. "ಬಾರೋ ಮಾರಾಯ, ಮುಹೂರ್ತ ಮೀರ್ತಿದೆ. ಬೇಗ ಬಂದು ತಾಳಿ ಕಟ್ಟೋ."

ತಾನೇ ಬಾಸಿಂಗ ಕಿತ್ತು ಗಂಡಿನ ಹಣೆಗೆ ಕಟ್ಟಿ, ಹೆಗಲು ಒತ್ತಿ ಕೂರಿಸಿದ. ಮುಖ ತೊಳೆಯೋಕೂ ಬಿಡಲಿಲ್ಲ. ಮುಹೂರ್ತಕ್ಕೆ ಸರಿಯಾಗಿ ನಮ್ಮಕ್ಕನಿಗೆ ತಾಳಿ ಬಿತ್ತು.

ಅಜ್ಜಿ ಅಕ್ಷತೆ ಹಾಕೋಕೆ ಹತ್ತಿರ ಹೋದಳು. ಕಪ್ಪಗೆ ಹೊಳೀತಿದ್ದ ಮುಖವನ್ನ ಬಗ್ಗಿ ನೋಡಿ ನನ್ನ ಕಿವಿ ಹಿಂಡಿದಳು.

"ಲೇ, ಯಾಕೋ ಬದಲಾಯಿಸಿದ್ರಿ? ಮೊದಲನೆಯವನೇ ಬೆಳ್ಳಗಿದ್ದನಲ್ಲೋ."