ಬಸ್ಸಿನ ಕೆಂಪು ದೀಪದಲ್ಲಿ ನಮ್ಮ ಮದುವೆ ಫೋಟೋ

ಕೆಲವರ ಮನೆಯಲ್ಲಿ ಹಿಡಿದ ಕೆಲಸ ಹಿಡಿದ ಹಾಗೇ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಮೊಳೆ ಹೊಡೆಯಲು ಹೋದರೆ ಗಾರೆ ಉದುರುತ್ತದೆ, ಗಾರೆ ಮೆತ್ತಲು ಹೋದರೆ ನಲ್ಲಿ ಮುರಿಯುತ್ತದೆ, ನಲ್ಲಿ ರಿಪೇರಿ ಆಗುವ ಹೊತ್ತಿಗೆ ಮೊಳೆ ಯಾತಕ್ಕೆ ಬೇಕಾಗಿತ್ತೆಂಬುದೇ ಮರೆತಿರುತ್ತದೆ. ನಾನು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ನಿವೃತ್ತಿಯಾದ ಮೇಲೆ ಯಲಬುರ್ಗಾದಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಆರಾಮಾಗಿ ಇದ್ದೇವೆ. ಅವಳಿಗೆ ಗೋಡೆಗೆ ಹಾಕಲು ಒಂದು ಮದುವೆ ಫೋಟೋ ಬೇಕಾಗಿತ್ತು. ಮತ್ತೇನೂ ಕೇಳಿದವಳಲ್ಲ. ಆ ಒಂದು ಫೋಟೋ ತೆಗೆಯಲು ಹೋಗಿ ಆದ ಫಜೀತಿಗಳು ಇವು.

ಬ್ಯಾಸರ ಆಗಬಾರದಂತ

ನಮ್ಮ ಮದುವೆ ಕುಕನೂರಿನಲ್ಲಿ, ಮಾವನವರ ಮನೆ ಮುಂದೆ ಚಪ್ಪರ ಹಾಕಿ ಆಯಿತು. ಫೋಟೋಗ್ರಾಫರನನ್ನು ಮಾವನವರೇ ಹುಡುಕಿ ಕರೆತಂದಿದ್ದರು. ಆ ಮನುಷ್ಯ ಬೆಳಿಗ್ಗೆಯಿಂದ ಸಂಜೆತನಕ ನಿಂತ ಕಾಲಲ್ಲಿ ನಿಂತು ಫ್ಲ್ಯಾಶ್ ಹೊಡೆದ. ಅಕ್ಷತೆ ಬಿದ್ದಾಗ ಹೊಡೆದ, ಊಟದ ಪಂಕ್ತಿಯಲ್ಲಿ ಹೊಡೆದ, ನಮ್ಮ ಸೋದರತ್ತೆಯನ್ನು ಸೆರಗು ಸರಿಮಾಡಿಕೊಳ್ಳಿ ಎಂದು ಎರಡೆರಡು ಸಲ ನಿಲ್ಲಿಸಿ ಹೊಡೆದ. ಇಂಥ ಶ್ರದ್ಧೆಯ ಹುಡುಗನನ್ನು ನೋಡಿಲ್ಲ ಎಂದು ಬೀಗರೆಲ್ಲ ಹೊಗಳಿದರು.

ಆಮೇಲೆ ಆಸಾಮಿ ಪತ್ತೆ ಇಲ್ಲ. ಮಾವನವರು ಹೇಳಿಕಳಿಸಿ ಹೇಳಿಕಳಿಸಿ ಸಾಕಾಗಿ, ಕೊನೆಗೆ ಸಂತೆಯಲ್ಲಿ ಹಿಡಿದು ಕೇಳಿದಾಗ ಅವನು ನೆಲ ನೋಡುತ್ತ ಹೇಳಿದನಂತೆ:

"ಕ್ಯಾಮೆರಾಕ್ಕ ರೋಲ್ ಹಾಕಿರಲಿಲ್ಲರಿ. ನಡು ಮದಿವ್ಯಾಗ ಗೊತ್ತಾತು. ನಿಮಗ ಬ್ಯಾಸರ ಆಗಬಾರದಂತ ಸುಮ್ಮನ ಫ್ಲ್ಯಾಶ್ ಹೊಡಕೋತ ಇದ್ನಿ."

ಮಾವನವರು ಸಿಟ್ಟಿನವರಲ್ಲ. "ಹಂಗಾರ ಇವತ್ತೂ ಹೇಳಬಾರದಿತ್ತು ನೋಡಪಾ. ಇನ್ನೊಂದಿಷ್ಟು ದಿನ ಬ್ಯಾಸರ ಇಲ್ದಂಗ ಇರ್ತಿದ್ವಿ" ಎಂದು ಬಂದುಬಿಟ್ಟರು.

ಕತ್ತಲೆಯ ಪೆಟ್ಟಿಗೆ

ಅಂದಿನಿಂದ ನನ್ನವಳು ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತಾಳೆ. ಅಲ್ಲಿ ಗಂಡ ಹೆಂಡತಿ ಹಾರ ಹಾಕಿಕೊಂಡು ನಿಂತಿರುತ್ತಾರೆ. ಮನೆಗೆ ಬಂದು ನಮ್ಮ ಗೋಡೆ ನೋಡುತ್ತಾಳೆ. ಅಲ್ಲಿ ಕ್ಯಾಲೆಂಡರ್ ಇರುತ್ತದೆ.

ಮದುವೆ ಸೀರೆ ಉಟ್ಟು ಕೂತುಕೋ, ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿಸೋಣ ಎಂದೆ. ಆಗುವುದಿಲ್ಲ ಎಂದಳು. "ರೋಲ್‌ನಾಗ ತಪ್ಪಿದ್ದು ರೋಲ್‌ನಾಗ ಆಗಬೇಕು" ಎಂಬುದು ಅವಳ ತೀರ್ಮಾನ. ಮದುವೆ ವಿಷಯದಲ್ಲಿ ಹೆಂಗಸರ ಕಾನೂನಿಗೆ ಮೇಲ್ಮನವಿ ಇರುವುದಿಲ್ಲ.

ರೋಲ್ ಈಗಲೂ ಬೆಂಗಳೂರಿನಿಂದ ಅಂಚೆಯಲ್ಲಿ ಬರುತ್ತದೆ, ತೊಳೆದು ಕೊಡುವವರೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆ. ಇಲ್ಲದ್ದು ಕ್ಯಾಮೆರಾ ಮಾತ್ರ. ಬಸ್ಸಿನ ವೈರಿಂಗ್ ಬಿಚ್ಚಿ ಕಟ್ಟಿದವನಿಗೆ ಒಂದು ಡಬ್ಬಿ ಯಾವ ಲೆಕ್ಕ ಎಂದುಕೊಂಡು ನಾನೇ ಮಾಡಲು ಕೂತೆ. ಗುಜರಿಯಲ್ಲಿ ಹಾಳಾದ ಕ್ಯಾಮೆರಾದ ಕಣ್ಣೊಂದು ಸಿಕ್ಕಿತು. ಪೆಟ್ಟಿಗೆ ಮಾಡಿಕೊಡಲು ನಮ್ಮ ಓಣಿಯ ಬಡಗಿ ಚಾಚಾ ಒಪ್ಪಿದರು. ಬಾಗಿಲು, ಕಪಾಟು ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸಾಗವಾನಿಯಲ್ಲಿ ಅಂದದ ಪೆಟ್ಟಿಗೆ ಮಾಡಿ, ಹಿಂದೆ ಬಾಗಿಲು ಇಟ್ಟು, ಬಾಗಿಲಿಗೆ ಹಿತ್ತಾಳೆ ಚಿಲಕವನ್ನೂ ಹಾಕಿದರು.

ಮೊದಲ ರೋಲು ಹುಬ್ಬಳ್ಳಿಗೆ ಹೋಗಿ ಬಂದಾಗ ಎಲ್ಲ ಫೋಟೋಗಳೂ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿದ್ದವು. ಪೆಟ್ಟಿಗೆಯನ್ನು ಬೋರಲು ಹಾಕಿ ನೋಡಿದರೆ ತಳದಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳು. ಇದೇನು ಚಾಚಾ ಎಂದೆ.

"ಗಾಳಿ ಆಡಬೇಕಲ್ಲರಿ. ಇಲ್ಲಂದ್ರ ಒಳಗಿನ ಸಾಮಾನು ಮುಗ್ಗ ಹಿಡಿತೈತಿ" ಎಂದರು. ಜೀವಮಾನವೆಲ್ಲ ಕಪಾಟು ಮಾಡಿದ ಕೈ, ಅದು ತಾನಾಗಿಯೇ ತೂತು ಕೊರೆದಿತ್ತು.

ಇದರೊಳಗೆ ಬೆಳಕಿನ ಒಂದು ಎಳೆಯೂ ಹೋಗಬಾರದು, ಪೂರ್ತಿ ಕತ್ತಲೆ ಇರಬೇಕು ಎಂದು ತಿಳಿಸಿ ಹೇಳಿದೆ. ಚಾಚಾ ಪೆಟ್ಟಿಗೆಯನ್ನು ಸವರಿ ನಿಟ್ಟುಸಿರು ಬಿಟ್ಟರು. "ಬರೇ ಕತ್ತಲಿ ತುಂಬಾಕ ಸಾಗವಾನಿ ಯಾಕ ಬೇಕಿತ್ತು ಭಾಯ್? ಪ್ಲೈವುಡ್ ಸಾಕಾಗ್ತಿತ್ತು."

ಸಿಟ್ಟು ಯಾವಾಗ ಬಂದದ್ದು

ತೂತು ಮುಚ್ಚಿದ ಮೇಲೆ ಫೋಟೋ ಬಂತು. ಆದರೆ ಸೀರೆ ಬರಲಿಲ್ಲ. ಅಂದರೆ ಸೀರೆ ಇತ್ತು, ಬಣ್ಣ ಇರಲಿಲ್ಲ. ಮದುವೆಯಲ್ಲಿ ದಾಳಿಂಬೆ ಕಾಳಿನಂತೆ ಕೆಂಪಗಿದ್ದ ಇಳಕಲ್ ಸೀರೆ ಟ್ರಂಕಿನಲ್ಲಿದ್ದೂ ಇದ್ದೂ ಈಗ ಒಣಗಿದ ಮಣ್ಣಿನ ಬಣ್ಣಕ್ಕೆ ಬಂದಿದೆ. ಫೋಟೋ ನೋಡಿ ಅವಳು ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಬಿಟ್ಟಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಕಳೆದ ಬಣ್ಣವನ್ನು ದೀಪದಿಂದ ತರಿಸುತ್ತೇನೆ ಎಂದು ಗಂಗಾವತಿಯ ಗುಜರಿ ಅಂಗಡಿಗಳಿಗೆ ಹೋದೆ. ಹಳೇ ಬಸ್ಸುಗಳ ಹಿಂದಿನ ಕೆಂಪು ಗಾಜು, ತಿರುಗುವಾಗ ಮಿಣುಕುವ ಕಿತ್ತಳೆ ಗಾಜು, ಒಂದು ಜೊತೆ ಹೆಡ್‌ಲೈಟು, ಎರಡು ಬ್ಯಾಟರಿ, ಎಲ್ಲ ತಂದೆ. ಪೆಟ್ಟಿಗೆಯ ಎರಡೂ ಪಕ್ಕ ಜೋಡಿಸಿ ಸ್ವಿಚ್ಚು ಕೊಟ್ಟೆ. ದೀಪ ಹಚ್ಚಿದರೆ ನಮ್ಮ ಪಡಸಾಲೆಗೆ ಬಸ್ಸೊಂದು ಹಿಮ್ಮುಖವಾಗಿ ಬರುತ್ತಿರುವ ಹಾಗೆ ಕಾಣುತ್ತಿತ್ತು.

ಅವಳು ಸೀರೆ ಉಟ್ಟು ಕೂತಳು, ನಾನು ಕೆಂಪು ದೀಪ ಹಾಕಿ ತೆಗೆದೆ. ಸೀರೆ ಕೆಂಪಗೆ ಬಂತು. ಮುಖವೂ ಕೆಂಪಗೆ ಬಂತು, ಕಣ್ಣುಗಳೂ ಕೆಂಪಗೆ ಬಂದವು. ಒಂದು ತ್ರಿಶೂಲ ಕೊಟ್ಟಿದ್ದರೆ ಜನ ಕಾಯಿ ಒಡೆಯುತ್ತಿದ್ದರು.

ಅವಳು ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಮದಿವಿ ದಿನಾ ನಾ ಇಷ್ಟು ಸಿಟ್ಟಿಲೆ ಇರಲಿಲ್ಲ. ಸಿಟ್ಟು ಆಮ್ಯಾಲ ಬಂದದ್ದು" ಎಂದು ವಾಪಸ್ ಕೊಟ್ಟಳು.

ಡ್ರೈವರ್ ಮಂದಿ

ಕೆಂಪು ಸೀರೆಯ ಮೇಲಷ್ಟೇ ಬೀಳಬೇಕು, ಮುಖಕ್ಕೆ ಹೆಡ್‌ಲೈಟಿನ ಬಿಳಿ ಬೆಳಕು ಸಾಕು ಎಂದು ಗೊತ್ತಾಯಿತು. ಆದರೆ ಸೀರೆ ಮಡಿಕೆ ಮಡಿಕೆಯಲ್ಲಿ ಬಿರಿಯತೊಡಗಿತ್ತು. ಇನ್ನೊಂದು ಸಲ ಉಡಬಹುದು, ಅಷ್ಟೇ, ಆಮೇಲೆ ಸೀರೆಯೂ ಇಲ್ಲ ಫೋಟೋನೂ ಇಲ್ಲ ಎಂದು ಅವಳು ಹೇಳಿಬಿಟ್ಟಳು. ನನಗೆ ನಿಜವಾಗಿಯೂ ಹೆದರಿಕೆ ಆಯಿತು. ಅವಳನ್ನು ಕೂರಿಸುವ ಮೊದಲು ಬೇರೆಯವರ ಮೇಲೆ ಪರೀಕ್ಷೆ ಮಾಡಬೇಕೆಂದು ನಿಶ್ಚಯಿಸಿದೆ.

ಸಂಜೆ ಚಹಾಕ್ಕೆ ಬರುವ ನಿವೃತ್ತ ಡ್ರೈವರುಗಳು ಸಿಕ್ಕರು. ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಈ ಪೆಟ್ಟಿಗೆಗೆ ನಾಲ್ಕು ಸೆಕೆಂಡ್ ಬೆಳಕು ಬೇಕು, ಅಲ್ಲಿತನಕ ಯಾರೂ ಕದಲಬೇಡಿ ಎಂದೆ. ಬಸ್ಸಿನಲ್ಲಿ ಹಗಲು ರಾತ್ರಿ ಕೂತವರು, ನಮಗೆ ಕೂರುವುದನ್ನು ಹೇಳಿಕೊಡುತ್ತೀಯಾ ಎಂದು ನಕ್ಕರು.

ಫೋಟೋ ಬಂದಾಗ ಮುಖಗಳೆಲ್ಲ ಕಡೆದಿಟ್ಟ ಹಾಗೆ ಸ್ಪಷ್ಟ. ಬಲಗಾಲು ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಹೊಗೆ ಹೊಗೆ. ವಿಚಾರ ಮಾಡಿದ ಮೇಲೆ ಹೊಳೆಯಿತು. ಎದುರಿಗೆ ಬಸ್ಸಿನ ಕೆಂಪು ದೀಪ ಹತ್ತಿದ ಕೂಡಲೇ ಇವರೆಲ್ಲ ಬ್ರೇಕ್ ಒತ್ತಿದ್ದರು. ಕಿತ್ತಳೆ ದೀಪ ಬಲಗಡೆ ಮಿಣುಕಿದ ಇನ್ನೊಂದು ಫೋಟೋದಲ್ಲಿ ಬೆಂಚಿಗೆ ಬೆಂಚೇ ಎಡಕ್ಕೆ ವಾಲಿ ಸೈಡ್ ಕೊಟ್ಟಿತ್ತು.

ಮೊದಲ ಫೋಟೋದಲ್ಲಿ ಒಬ್ಬನ ಕಾಲು ಮಾತ್ರ ಕದಲಿರಲಿಲ್ಲ. ಎಂಥ ಮನಸ್ಸಿನ ಹಿಡಿತ ಎಂದು ನಾನು ಮೆಚ್ಚುತ್ತಿದ್ದಾಗ ಪಕ್ಕದವನು ನೆನಪು ಮಾಡಿಕೊಟ್ಟ. ಸರ್ವೀಸಿನುದ್ದಕ್ಕೂ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದಿ ಗುದ್ದಿ ಹೆಸರಾದವನು ಅವನೇ.

ಸೀಟಿ

ಜನ ಕದಲದಿರಲು ಏನಾದರೂ ಸನ್ನೆ ಬೇಕು ಎಂದು ಹಳೇ ಕಂಡಕ್ಟರ್ ಗೆಳೆಯನೊಬ್ಬ ತನ್ನ ಸೀಟಿ ಕೊಟ್ಟ. ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ನಡಿ. ಡಿಪೋ ಭಾಷೆ, ಲೋಕಕ್ಕೆಲ್ಲ ಗೊತ್ತಿರುವುದು.

ಆ ವಾರ ಹೆಂಡತಿಯ ಅಕ್ಕ ಕನಕಗಿರಿಯಿಂದ ಬಂದಿದ್ದರು. ಸೀದಾ ಕುರ್ಚಿಯಲ್ಲಿ ಕೂರಿಸಿದೆ. ಕೆಂಪು ದೀಪಕ್ಕೆ ತಗಡಿನ ಕೊಳವೆ ಹಾಕಿ, ಬೆಳಕು ಎದೆಯಿಂದ ಕೆಳಗೆ ಬೀಳುವಂತೆ ಹೊಂದಿಸುವಷ್ಟರಲ್ಲಿ ಬಸ್ಸಿನಲ್ಲಿ ಬಂದ ದಣಿವಿಗೆ ಅವರಿಗೆ ಜೊಂಪು ಹತ್ತಿತ್ತು. ಒಳ್ಳೆಯದೇ ಆಯಿತು, ಮಲಗಿದವರು ಕದಲುವುದಿಲ್ಲ ಎಂದುಕೊಂಡು ಸೀಟಿ ಊದಿದೆ.

ಅಕ್ಕನವರು ಧಡಕ್ಕನೆ ಎದ್ದರು. ಕಾಲ ಬಳಿಯ ಚೀಲ ಎತ್ತಿಕೊಂಡರು. ನನ್ನನ್ನೂ ಪೆಟ್ಟಿಗೆಯನ್ನೂ ಸರಿಸಿ, ಬಾಗಿಲ ಚೌಕಟ್ಟು ಹಿಡಿದು, ಹೊಸ್ತಿಲಿಂದ ಒಂದು ಕಾಲು ಕೆಳಗಿಟ್ಟು ಕೇಳಿದರು: "ಯಾವ ಸ್ಟಾಪ್ ರಿ ಇದು?"

ನಾಲ್ಕು ಸೆಕೆಂಡು

ಸೀಟಿ ವಾಪಸ್ ಕೊಟ್ಟೆ. ಪೆಟ್ಟಿಗೆಯ ಕಣ್ಣಿನ ಮುಚ್ಚಳವನ್ನು ತೆಗೆದು ಮತ್ತೆ ಹಾಕುವ ಕೆಲಸ ಚಾಚಾ ವಹಿಸಿಕೊಂಡರು. ಒಂದು ಮಧ್ಯಾಹ್ನ ಕಿಟಕಿ ಬಾಗಿಲು ಹಾಕಿ, ಪಡಸಾಲೆಯಲ್ಲಿ ಎರಡು ಕುರ್ಚಿ ಇಟ್ಟೆವು. ಅವಳು ಮದುವೆ ಸೀರೆಯನ್ನು ಹಸುಗೂಸನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ತಂದು, ಉಸಿರು ಹಿಡಿದು ಉಟ್ಟಳು. ಭುಜದ ಹತ್ತಿರ ಒಂದು ಕಡೆ ಪರ್ ಎಂದಿತು. ಇಬ್ಬರೂ ಕೇಳಿಸದವರಂತೆ ಇದ್ದೆವು. ಇದೇ ಕೊನೆ ಎಂದು ಇಬ್ಬರಿಗೂ ಗೊತ್ತಿತ್ತು. ರೋಲಿನಲ್ಲಿ ಉಳಿದಿದ್ದದ್ದೂ ಒಂದೇ ಫೋಟೋ.

ನಾನು ಬಿಳಿ ಅಂಗಿ ಹಾಕಿ ಪಕ್ಕದಲ್ಲಿ ಕೂತೆ. ಕದಲಬೇಡ, ಉಸಿರು ಬಿಗಿಹಿಡಿ, ಕಣ್ಣು ಪೆಟ್ಟಿಗೆಯ ಮೇಲಿರಲಿ ಎಂದು ಅವಳಿಗೆ ಸಾವಿರ ಸಲ ಹೇಳಿದೆ. ಸ್ವಿಚ್ಚು ಒತ್ತಿದೆ. ಚಾಚಾ ಮುಚ್ಚಳ ತೆಗೆದು ಎಣಿಸತೊಡಗಿದರು.

ಕೊಳವೆಯಿಂದ ಕೆಂಪು ಬಂದು ಸೀರೆಯ ಮೇಲೆ ಬಿದ್ದದ್ದು ನನ್ನ ಕಣ್ಣಂಚಿಗೆ ಕಂಡಿತು. ಅದು ಆವತ್ತಿನ ಕೆಂಪು. ಚಪ್ಪರದ ಕೆಳಗೆ ನನ್ನ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದವಳ ಕೆಂಪು. ಆವತ್ತು ಎಲ್ಲರೆದುರು ತಿರುಗಿ ನೋಡುವುದಕ್ಕೆ ನನಗೆ ನಾಚಿಕೆ. ಈಗ ಯಾತರ ನಾಚಿಕೆ? ತಿರುಗಿ ನೋಡಿದೆ. ಭಾಳ ಚೆಂದ ಕಂಡಳು. ಚಾಚಾ ನಾಲ್ಕು ಎಂದು ಮುಚ್ಚಳ ಹಾಕಿದ ಮೇಲೂ ನೋಡುತ್ತಲೇ ಇದ್ದೆ.

ಹುಬ್ಬಳ್ಳಿಯಿಂದ ಫೋಟೋ ಬಂತು. ಅವಳು ಕಲ್ಲಿನ ಗೊಂಬೆಯಂತೆ ಕೂತಿದ್ದಾಳೆ. ಸೀರೆಯ ಅಂಚಿನ ಎಳೆ ಎಳೆ ಎಣಿಸಬಹುದು, ಮುಖದ ಬಣ್ಣ ಮುಖದ್ದೇ. ಪಕ್ಕದಲ್ಲಿ ಒಂದು ಬಿಳಿ ಅಂಗಿ ಇದೆ. ಅಂಗಿಯ ಮೇಲೆ ತಲೆ ಇರಬೇಕಾದಲ್ಲಿ ಒಲೆಯ ಹೊಗೆಯಂಥದೊಂದು ಅವಳ ಕಡೆ ಹೊರಟಿದೆ.

ಅವಳಿಗೆ ಕದಲಬೇಡ ಎಂದು ಪಾಠ ಹೇಳಿ ನಾನೇ ಕದಲಿದ್ದೆ. ಸೀರೆಯೂ ಇನ್ನು ಉಡುವ ಹಾಗಿಲ್ಲ. ಅವಳು ಫೋಟೋ ಹಿಡಿದು ಕೂತಳು. ಯಾಕೆ ಕದಲಿದಿರಿ ಎಂದು ಕೇಳಿದಳು. ನಿನ್ನನ್ನು ನೋಡಿದೆ ಎಂದೆ. ಮತ್ತೇನು ಸುಳ್ಳು ಹೇಳಲಿ? ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ, ಚಾಚಾರಿಗೆ ಒಂದು ಚೌಕಟ್ಟು ಮಾಡಲು ಹೇಳಿ, ಈ ಸಲ ಸಾಗವಾನಿಯದೇ ಇರಲಿ ಎಂದಳು.

ಕ್ಯಾಲೆಂಡರ್ ಇಳಿದು ಫೋಟೋ ಏರಿತು. ಅದನ್ನು ನೋಡಲು ಚಾಚಾರ ಹೆಂಡತಿ ಚಾಚಿ ಬಂದರು. ಪಕ್ಕದಲ್ಲಿ ಮುಖ ಇಲ್ಲದವರು ಯಾರು, ಇನ್ನೊಂದು ತೆಗೆಸಬಾರದೇ ಎಂದರು. ಇವಳು ಸೆರಗು ಸರಿಮಾಡಿಕೊಂಡು ಹೇಳಿದಳು:

"ಕ್ಯಾಮೆರಾ ನೋಡೋ ಗಂಡಂದಿರು ಎಲ್ಲಾರ ಮನಿ ಗ್ವಾಡಿ ಮ್ಯಾಲೂ ಅದಾರ. ಹೆಂಡ್ತೀನ ನೋಡಾವ್ರು ನಮ್ಮ ಮನ್ಯಾಗಷ್ಟ ಅದಾರ."

ಚಾಚಿ ಮನೆಗೆ ಹೋದರು. ಮರುದಿನ ಹೊಸ ಸೀರೆ ಉಟ್ಟು, ಇಸ್ತ್ರಿ ಅಂಗಿ ಹಾಕಿಸಿದ ಚಾಚಾರನ್ನು ಮುಂದೆ ಮಾಡಿಕೊಂಡು ಬಂದರು. ಕೂತರು. ನಾನು ದೀಪ ಹಚ್ಚಿದೆ. ಕ್ಯಾಮೆರಾ ಕಡೆ ನೋಡುವ ಹಾಗಿಲ್ಲ, ಮುಚ್ಚಳ ತೆಗೆದ ಕೂಡಲೇ ತನ್ನ ಕಡೆ ತಿರುಗಬೇಕು, ಮುಚ್ಚಳ ಹಾಕುವತನಕ ಕಣ್ಣು ತೆಗೆಯಬಾರದು ಎಂದು ಚಾಚಿ ಅಪ್ಪಣೆ ಮಾಡಿದರು. ಚಾಚಾ ಒಮ್ಮೆ ಚಾಚಿಯ ಮುಖ ನೋಡಿದರು, ಒಮ್ಮೆ ತಾವೇ ಮಾಡಿದ ಪೆಟ್ಟಿಗೆ ನೋಡಿದರು. ಆಮೇಲೆ ಎದ್ದು ಬಂದು ನನ್ನ ಕಿವಿಯಲ್ಲಿ ಕೇಳಿದರು:

"ನಾಕು ಸೆಕೆಂಡ್ ಭಾಳ ಆತು ಭಾಯ್. ಎರಡಕ್ಕ ಮುಗಸಾಕ ಬರ್ತೈತೇನು?"

ಬರುತ್ತದೆ, ಆದರೆ ಬೆಳಕು ಇಮ್ಮಡಿ ಬೇಕು ಎಂದೆ. ಇನ್ನೊಂದು ಜೊತೆ ಹೆಡ್‌ಲೈಟ್ ಹುಡುಕಲು ನಾಳೆ ಇಬ್ಬರೂ ಗಂಗಾವತಿಗೆ ಹೊರಟಿದ್ದೇವೆ.