ಕ್ಯಾಸೆಟ್ಟಿನೊಳಗಿನ ಬುಸ್ ಸದ್ದು

ದಾಖಲೆಯಿಲ್ಲದ ಮಾತನ್ನು ನಾನು ನಂಬುವುದಿಲ್ಲ. ಪಾಂಡವಪುರದಿಂದ ಪತ್ರಿಕೆಗೆ ಸುದ್ದಿ ಕಳಿಸುವವನಿಗೆ ಇದು ಗುಣ. ಮನೆಯಲ್ಲಿ ಇದೇ ರೋಗ. ಸಾರಿಗೆ ಉಪ್ಪು ಹಾಕಿದ್ದೇನೆಂದು ಹೆಂಡತಿ ಹೇಳಿದರೂ ಎರಡನೆಯ ಮೂಲದಿಂದ ಖಚಿತಪಡಿಸಿಕೊಂಡೇ ತಟ್ಟೆಗೆ ಕೈಹಾಕುತ್ತೇನೆ. ಹಾಗಾಗಿ ನನ್ನ ತಂಗಿಯ ಮದುವೆಯಲ್ಲಿ ಸೋಬಾನೆ ಪದವನ್ನು ಮೊದಲು ಎತ್ತಿದವರು ಯಾರು ಎಂದು ಅಮ್ಮನಿಗೂ ಸಂತೆಬಾಚಹಳ್ಳಿಯ ಚಿಕ್ಕಮ್ಮನಿಗೂ ಜಗಳ ಹತ್ತಿದಾಗ, "ವಿಡಿಯೊ ಕ್ಯಾಸೆಟ್ಟೇ ಹೇಳಲಿ" ಎಂದುಬಿಟ್ಟೆ.

"ಎತ್ತಿದ್ದು ನಾನು ಕಣೆ. ನೀನು ಹಿಂದೆ ಸೊಲ್ಲು ಕೊಟ್ಟೆ ಅಷ್ಟೆ" ಎಂದಿದ್ದರು ಅಮ್ಮ. "ಬುಡಕ್ಕ, ನಿನ್ ಗಂಟ್ಲಿಗೆ ಕೊಟ್ಗೆ ಎಮ್ಮೆನೂ ತಿರುಗಿ ನೋಡಾಕಿಲ್ಲ" ಎಂದಿದ್ದರು ಚಿಕ್ಕಮ್ಮ. ಯುಗಾದಿಯಿಂದ ಇಬ್ಬರಿಗೂ ಮಾತಿಲ್ಲ. ಇತ್ತ ಚಿಕ್ಕಮ್ಮನ ಮಗನ ಮದುವೆ ಗೊತ್ತಾಗಿತ್ತು. ಚಿಕ್ಕಮ್ಮ ಸೋಲೊಪ್ಪಿಕೊಳ್ಳದೆ ಆ ಚಪ್ಪರಕ್ಕೆ ಕಾಲಿಡುವುದಿಲ್ಲವೆಂದು ಅಮ್ಮನ ಹಟ.

ಕ್ಯಾಸೆಟ್ಟಿನಲ್ಲಿ ಕಾಣುತ್ತಿದ್ದುದು ಗಂಡು ಹೆಣ್ಣು ಮಾತ್ರ, ಹಾಡುವವರು ಚೌಕಟ್ಟಿನಾಚೆ. ಕೇಳುತ್ತಿದ್ದುದು ಜನರೇಟರಿನ ಗುಂಯ್ ಸದ್ದು, ಅದರ ನಡುನಡುವೆ ಹಾವಿನಂಥ ಬುಸ್. ಆಗಷ್ಟೇ ಪೇಟೆಯಲ್ಲಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡುವ ಅಂಗಡಿ ತೆರೆದಿದ್ದ ಸೋಮಾಚಾರಿಯ ಬಳಿಗೆ ಒಯ್ದೆ. ಚಿನ್ನದ ಕೆಲಸದ ಮನೆತನ. ಊದುಗೊಳವೆ ಬಿಟ್ಟು ಮೌಸು ಹಿಡಿದವನು. ಕ್ಯಾಸೆಟ್ ಓಡಿಸುವ ಯಂತ್ರದ ಹೆಡ್ಡನ್ನು ಮೂಗುತಿಗೆ ಮೆರುಗು ಕೊಡುವ ಶ್ರದ್ಧೆಯಲ್ಲಿ ಒರೆಸಿದ. ದಪ್ಪ ಸದ್ದನ್ನು ಇಳಿಸಿದರೆ ಜನರೇಟರಿನ ಜೊತೆ ಡೋಲೂ ಹೋಗಿ ತಗಡು ಬಡಿದಂತಾಯಿತು. ಸಣ್ಣ ಸದ್ದನ್ನು ಏರಿಸಿದರೆ ಮದುವೆಮನೆಯ ಅಷ್ಟೂ ಬಳೆಗಳು ಕಿವಿಗೇ ಬಂದವು. ಬುಸ್ ಮಾತ್ರ ಕದಲಲಿಲ್ಲ.

"ಬೂಷ್ಟು ಹಿಡಿದಿರಬೇಕು" ಎಂದೆ.

"ಬೂಷ್ಟಾಗಿದ್ರೆ ಒಂದೇ ಸಮ್ನೆ ಬರ್ಬೇಕಿತ್ತು ಸಾರ್. ಇದು ಪದ ಸುರುವಾದಾಗ್ಲೇ ಬತ್ತದೆ. ಬುದ್ಧಿ ಇರೋ ಸದ್ದು ಇದು."

ನಾಲ್ಕು ಸಲ ಅಲೆದ ಮೇಲೆ ಒಂದು ಭಾನುವಾರ "ಜನರೇಟರು ಪೂರಾ ಹೋಯ್ತು, ಬನ್ನಿ" ಎಂದು ಹೇಳಿಕಳಿಸಿದ. ಅಕ್ಕ ತಂಗಿ ಇಬ್ಬರನ್ನೂ ಕರೆದೊಯ್ದೆ. ಒಂದೇ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತರು. ಪದ ಶುರುವಾಯಿತು. ಯಾರ ದನಿಯೆಂದು ತಿಳಿಯುವ ಮೊದಲೇ ಬುಸ್ ಬಂತು. ಅದರ ಹಿಂದೆಯೇ, ಗುಂಯ್ ಸದ್ದಿನಡಿ ಇಷ್ಟು ದಿನ ಹೂತುಹೋಗಿದ್ದ ಗಂಡುದನಿ ಸ್ಪಷ್ಟವಾಗಿ ಎದ್ದಿತು: "ಶ್! ಅಮ್ಮಾ, ಚಿಕ್ಕಮ್ಮಾ, ಸುಮ್ನಿರಿ! ಐನೋರ ಮಂತ್ರ ರೆಕಾರ್ಡ್ ಆಗ್ಬೇಕು! ಶ್! ಶ್!" ಪದ ಅಲ್ಲಿಗೇ ನಿಂತಿತು.

ದನಿ ನನ್ನದು, ಆ ಬುಸ್ಸೂ ನನ್ನದೇ. ಕ್ಯಾಮೆರಾದ ಪಕ್ಕದಲ್ಲೇ ನಿಂತು ದಾಖಲೆ ಕಾಯುತ್ತಿದ್ದವನು ನಾನೇ.

ಬೆಂಚಿನ ಮೇಲೆ ಎರಡು ತಲೆ ಒಟ್ಟಿಗೆ ತಿರುಗಿದವು. "ಅಕ್ಕಾ, ನಮ್ ಬಾಯಿ ಮುಚ್ಸಿದ್ದು ಇವ್ನೇ ಕಣಕ್ಕ! ನಾವು ಸುಮ್ಸುಮ್ನೆ ಕಿತ್ತಾಡ್ಕಂಡೊ!" ಎಂದು ಚಿಕ್ಕಮ್ಮ ಅಮ್ಮನ ತೊಡೆಗೆ ಬಡಿದು ನಕ್ಕರು. ಅಮ್ಮನಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

"ಸದ್ದು ಯಾವ್ದು ಅಂತ ಈಗ ಗೊತ್ತಾಯ್ತಲ್ಲ ಸಾರ್, ತೆಗ್ದ್ಬುಡ್ಲಾ?" ಎಂದ ಸೋಮಾಚಾರಿ.

"ಬ್ಯಾಡ ಕಣಪ್ಪ, ಅದೊಂದು ಅಂಗೇ ಇರ್ಲಿ" ಎಂದರು ಅಮ್ಮ. "ಇವ್ನಿಗೆ ದಾಖ್ಲೆ ಬೇಕಲ್ವಾ!"

ಅಂದು ಅರ್ಧಕ್ಕೆ ನಿಂತ ಪದವನ್ನು ಅಂಗಡಿಯಲ್ಲೇ ಇಬ್ಬರೂ ಪೂರ್ತಿ ಹೇಳಿದರು. ಮೊದಲು ಎತ್ತಿದವರು ಯಾರು ಎನ್ನುತ್ತೀರಾ? ಎರಡೇ ಮಾರು ದೂರದಲ್ಲಿ ಕೂತಿದ್ದ ವರದಿಗಾರ ನಾನು. ನಗುವಿನ ಭರದಲ್ಲಿ ಗಮನಿಸಲಿಲ್ಲ.